ಮತ್ತು, ಅಥವಾ

ಥಂಡರ್ ಬೇಯಲ್ಲಿ ಫೆಬ್ರವರಿ ಅಂದರೆ
ಸರೋವರವೇ ಬಾಯಿ ಮುಚ್ಚಿ ಮಲಗುವ ತಿಂಗಳು.
ಗೋಡೆಗೂ ಕಿವಿಯುಂಟು ಅನ್ನುತ್ತಾರೆ.
ನಮ್ಮ ನಡುಗೋಡೆಗೆ ಇದ್ದದ್ದು ಬಾಯಿ.

ಆಚೆ ಐನಾರ್ ಕೊಸ್ಕೆಲ, ಎಪ್ಪತ್ತಮೂರು ವರ್ಷ.
ಗೋಧಿ ಹಡಗಿನ ಎಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ನಿಂತು
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದವರು.
ಈಚೆ ನಾನು, ಓಡೀಲ್. ಬೇಕರಿಯವಳು.
ಮೂರಕ್ಕೆ ಎದ್ದು ಹಿಟ್ಟಿಗೆ ಕೈ ಹಾಕಬೇಕು,
ಎಂಟಕ್ಕೇ ಹಾಸಿಗೆ.

ಎಂಟೂವರೆಗೆ ಕುದುರೆಗಳು ಬರುತ್ತಿದ್ದವು.
ಆಮೇಲೆ ಗುಂಡು. ಆಮೇಲೆ ಯಾರೋ ಹೆಂಗಸಿನ ಕೂಗು,
ಮತ್ತೆ ಕುದುರೆ.
ಕಪಾಟಿನೊಳಗೆ ನನ್ನ ತಟ್ಟೆಗಳು
ಹಲ್ಲು ಕಡಿಯುತ್ತಿದ್ದವು.
ಒಂದು ರಾತ್ರಿ ಚಪ್ಪಲಿಯಿಂದ ಗೋಡೆಗೆ ಬಡಿದೆ.
ಆಚೆಯಿಂದ ಉತ್ತರವಾಗಿ ಫಿರಂಗಿ.
ಶುಕ್ರವಾರದ ರೈ ರೊಟ್ಟಿಯನ್ನು
ಅವರ ಹೊಸಿಲಲ್ಲಿಡುವುದು ನಿಲ್ಲಿಸಿದೆ.
ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ, ಟೋಪಿಯ ಮೇಲೆ ಹಿಮ,
ಕೈಯಲ್ಲಿ ರಿಮೋಟು, ಕಂಕುಳಲ್ಲಿ ಲ್ಯಾಪ್‌ಟಾಪು:
"ಒಲೆಗೆ ಟೈಮರ್ ಬರೆಯುವವಳು ನೀನು, ಇದನ್ನೂ ನೋಡು.
ಇದರಲ್ಲಿ ಒಂದು ಸಾಲು ಕೆಟ್ಟಿದೆ ಅಂತ ಅನುಮಾನ.
ಕೆಟ್ಟಿದ್ದರೂ ನನಗೆ ಗೊತ್ತಾಗುವುದಿಲ್ಲ."
ಅಷ್ಟು ಹೇಳಿ ಬೂಟು ಬಿಚ್ಚದೆ ನಿಂತರು,
ನೆಲದ ಮೇಲೆ ಸಣ್ಣ ಕೆರೆ.

ಓದಿದೆ. ಎರಡು ಬೆರಳಲ್ಲಿ ಕುಟ್ಟಿದ ಬರಹ, ಆದರೆ ಅಚ್ಚುಕಟ್ಟು.
ಬೆಳಿಗ್ಗೆ ಆರೂವರೆ: ದೀಪ ಅರ್ಧ, ಹವಾಮಾನದ ಚಾನೆಲ್.
ಶನಿವಾರ ಏಳು: ಹಾಕಿ ಹಾಕು.
ಸಂಜೆ ನಾಲ್ಕೂಕಾಲು: ಪರದೆ ಇಳಿಸು, ಸೂರ್ಯ ಹೋದ.
ಎಲ್ಲ ಸರಿ.
ಕೊನೆಯ ನಿಯಮಕ್ಕೊಂದು ಹೆಸರಿಟ್ಟಿದ್ದರು: ಗೋಡೆಯಾಚೆಯವಳು.

ನಿಮಿಷಕ್ಕೊಮ್ಮೆ ಗಡಿಯಾರ ನೋಡು.
ಗಂಟೆ ಹತ್ತೊಂಬತ್ತಕ್ಕಿಂತ ಹೆಚ್ಚು
ಮತ್ತು ಮೂರಕ್ಕಿಂತ ಕಡಿಮೆ ಆದರೆ
ಸ್ಪೀಕರ್ ಆರಿಸು, ಹೆಡ್‌ಫೋನ್ ಮಾತ್ರ ಸಾಕು.

ಇಪ್ಪತ್ತರಿಂದ ಮೂರು.
ನನ್ನ ನಿದ್ದೆ, ನಿಮಿಷ ತಪ್ಪದೆ.
ಎಲ್ಲಿಂದ ಅಳೆದರು? ಹಿಮದ ಮೇಲಿನ ನನ್ನ ಹೆಜ್ಜೆಯಿಂದಲೋ,
ಅಡುಗೆಮನೆಯ ದೀಪದಿಂದಲೋ.
ಡಿಸೆಂಬರಿನಿಂದ ಪ್ರತಿ ರಾತ್ರಿ ಈ ಮನುಷ್ಯ
ಕಿವಿಗೆ ಹೆಡ್‌ಫೋನ್ ಬಿಗಿದುಕೊಂಡು,
ಕೋಣೆಯೆಲ್ಲ ಮೌನವೆಂದು ನಂಬಿ,
ಕತ್ತಲಲ್ಲಿ ಕಾಲು ಚಾಚಿ ಕೂತಿದ್ದಾರೆ.
ಹಿಂದೆ ಸ್ಪೀಕರು ಊರಿಗೆಲ್ಲ ಕುದುರೆ ಓಡಿಸಿದೆ.

ಹತ್ತೊಂಬತ್ತಕ್ಕಿಂತ ದೊಡ್ಡದಾಗಿ, ಅದೇ ಉಸಿರಲ್ಲಿ
ಮೂರಕ್ಕಿಂತ ಚಿಕ್ಕದಾದ ಗಂಟೆ
ಯಾವ ಗಡಿಯಾರದಲ್ಲಿದೆ?
ಬೆರಳು ಮಡಿಚಿ ತೋರಿಸಿದೆ: ಇಪ್ಪತ್ತು, ಇಪ್ಪತ್ತೊಂದು,
ಇಪ್ಪತ್ಮೂರು, ಆಮೇಲೆ ಸೊನ್ನೆ.
ನಡುರಾತ್ರಿಗೆ ಎಣಿಕೆ ಮಹಡಿಯಿಂದ ಜಾರಿ ಕೆಳಗೆ ಬೀಳುತ್ತದೆ,
ಮೇಲಿನದಕ್ಕೆ ಕೆಳಗಿನದು ಕಾಣುವುದಿಲ್ಲ.

"ಹಡಗಿನಲ್ಲಿ ರಾತ್ರಿ ಒಂದೇ ತುಂಡು," ಅಂದರು ಐನಾರ್,
ಯಂತ್ರದ ಮೇಲೆ ಸ್ವಲ್ಪ ಬೇಸರದಿಂದ.
ನಾನು 'ಮತ್ತು' ಅಳಿಸಿ 'ಅಥವಾ' ಬರೆದೆ.
ಚಪ್ಪಲಿಯ ವಿಷಯ ಎತ್ತಲಿಲ್ಲ.
"ಕೆಟ್ಟಿತ್ತಾ?" ಕೇಳಿದರು.
"ಸ್ವಲ್ಪ," ಅಂದೆ. ಬಲಗಿವಿಯ ಹತ್ತಿರ ಬಾಗಿ ಇನ್ನೊಮ್ಮೆ, "ಸ್ವಲ್ಪ."
ಅರ್ಧ ರೊಟ್ಟಿ ಉಳಿದಿತ್ತು, ನಿನ್ನೆಯದು.
ಕೋಟಿನ ಜೇಬಿಗೆ ತುರುಕಿಕೊಂಡು ಹೋದರು.

ಆ ರಾತ್ರಿ ತಟ್ಟೆಗಳು ಸುಮ್ಮನಿದ್ದವು.
ನಾನು ಕಲ್ಲಿನಂತೆ ಮಲಗಿದೆ.
ಅವರೂ ಮಲಗಿರಬೇಕು, ಕುರ್ಚಿಯಲ್ಲೇ,
ಸಿನಿಮಾ ಓಡುತ್ತಿದ್ದಂತೆ.
ಯಾಕೆಂದರೆ ಸರಿಯಾಗಿ ಮೂರಕ್ಕೆ,
ನನ್ನ ಅಲಾರಮಿಗಿಂತ ಒಂದು ಉಸಿರು ಮೊದಲು,
ಗೋಡೆಯಾಚೆ
ಕುದುರೆಯೊಂದು ಕೆನೆಯಿತು.